ಹುಳ ಹಣ್ಣಾದ ದಿನ

ಸಿಂಧುಗೆ ಸೊನ್ನೆ, ಫಿಝಾಗೆ ಸೊನ್ನೆ, ಮುರಳಿಗೆ ಹತ್ತು ರೂಪಾಯಿ, ನನಗೆ ಹದಿನೈದು. ಇದು ಹೋಗುವ ಖರ್ಚು. ಬರುವುದಕ್ಕೂ ಅಷ್ಟೇ. ಯಾರದೋ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಜನ್ ಬಾಳೆಹಣ್ಣು, ಅರವತ್ತು. ಒಟ್ಟು ನೂರ ಹತ್ತು. ಮಕ್ಕಳ ಹತ್ತಿರ ಇದ್ದದ್ದು ನೂರ ಇಪ್ಪತ್ತು. ಶಾಲೆಯ ಹಿಂದೆ ತಾವೇ ಬೆಳೆದ ಕೊತ್ತಂಬರಿ ಸೊಪ್ಪನ್ನು ಸಂಜೆ ಗೇಟಿನ ಹತ್ತಿರ ತಾಯಂದಿರಿಗೆ ಮಾರಿ ಕೂಡಿಸಿದ ದುಡ್ಡು ಅದು.

ಹೆಣ್ಣುಮಕ್ಕಳು ಆಧಾರ್ ಕಾರ್ಡ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ದುಡ್ಡು ಕೊಡಬೇಕಾಗಿಲ್ಲ. ಹಾಗಾಗಿ ಸಿಂಧು ಮುರಳಿಯನ್ನು ಹಿಡಿದುಕೊಂಡಳು.

"ಈ ಟ್ರಿಪ್ಪಲ್ಲಿ ದುಬಾರಿ ಐಟಂ ಅಂದ್ರೆ ನೀನೇ ಕಣೋ."

"ತಾತನಿಗೆ ನನಗಿಂತ ಜಾಸ್ತಿ ಆಗುತ್ತೆ," ಎಂದ ಮುರಳಿ.

"ತಾತ ಕಂಪಲ್ಸರಿ. ನೀನಲ್ಲ."

ತಾತ ಎಂದರೆ ನಾನು, ವೆಂಕಟರಮಣಪ್ಪ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ಈಗ ದೊಡ್ಡಬಳ್ಳಾಪುರದ ಅಂಚಿನಲ್ಲಿರುವ ಈ ಮಾಂಟೆಸ್ಸರಿ ಶಾಲೆಯ ಗೇಟು ನೋಡಿಕೊಳ್ಳುತ್ತೇನೆ. ಇಲ್ಲಿ ಮಕ್ಕಳನ್ನು ವರ್ಷಕ್ಕೊಮ್ಮೆ ಬಸ್ಸು ತುಂಬಿಸಿ ಮೈಸೂರಿಗೆ ಕರೆದೊಯ್ಯುವ ಪದ್ಧತಿ ಇಲ್ಲ. ಓದುತ್ತಾ ಓದುತ್ತಾ ಯಾವುದೋ ಪ್ರಶ್ನೆ ಏಳುತ್ತದೆ. ಪುಸ್ತಕದಲ್ಲಿ ಅದಕ್ಕೆ ಉತ್ತರ ಸಾಲದೆ ಹೋದರೆ ಇಬ್ಬರೋ ಮೂವರೋ ಸೇರಿ ಉತ್ತರ ಇರುವ ಕಡೆಗೆ ಹೊರಡುತ್ತಾರೆ. ಎಲ್ಲಿಗೆ, ಯಾವ ಬಸ್ಸು, ಯಾರಿಗೆ ಫೋನ್ ಮಾಡಬೇಕು, ಏನು ಕೇಳಬೇಕು, ಎಲ್ಲ ಅವರದೇ. ಜೊತೆಗೆ ಒಬ್ಬ ದೊಡ್ಡವರು ಹೋಗಬೇಕು. ಆ ದೊಡ್ಡವರಿಗೆ ಇರುವ ನಿಯಮ ಕೇಳಿ ನಾನು ಮೊದಲ ಸಲ ನಕ್ಕುಬಿಟ್ಟಿದ್ದೆ.

"ನೀವು ಹಿಂದೆ ನಡೀಬೇಕು ಅಷ್ಟೇ, ವೆಂಕಟರಮಣಪ್ಪನವ್ರೇ," ಎಂದಿದ್ದರು ಟೀಚರ್ ಪ್ರಮೋದಾ. ಮಕ್ಕಳಿಗೆ ಅವರು ಪ್ರಮೋದಾ ಅಕ್ಕ. "ದಾರಿ ಹೇಳ್ಬೇಡಿ. ತಪ್ಪು ಬಸ್ ಹತ್ತಿದ್ರೆ ನೀವೂ ಹತ್ತಿ. ಜೀವಕ್ಕೆ ಅಪಾಯ ಅಂದ್ರೆ ಮಾತ್ರ ಬಾಯಿ ಬಿಡಿ."

"ಮೇಡಂ, ನಾನು ಅನ್ನ ತಿಂದಿರೋದೇ ಈ ಬಾಯಿಂದ. ಒಳಗ್ ಹೋಗ್ರಿ, ಮುಂದ್ ಹೋಗ್ರಿ, ಚಿಲ್ರೆ ಕೊಡ್ರಿ ಅಂತ."

"ಅದಕ್ಕೇ ನಿಮಗೆ ಕಷ್ಟ ಆಗುತ್ತೆ," ಎಂದು ಅವರೂ ನಕ್ಕರು.

ಈ ಸಲದ ಪ್ರಶ್ನೆ ಫಿಝಾಳದು. ರೇಷ್ಮೆಹುಳು ಒಂದು ಗೂಡಿಗೆ ಸುಮಾರು ಒಂದು ಕಿಲೋಮೀಟರ್ ಉದ್ದದ ನೂಲು ಬಿಡುತ್ತದೆ ಎಂದು ಪುಸ್ತಕದಲ್ಲಿತ್ತು. ಮುರಳಿ ಒಪ್ಪಲಿಲ್ಲ. ಬೆರಳುದ್ದದ ಹುಳದೊಳಗೆ ಅಷ್ಟು ನೂಲು ಎಲ್ಲಿ ಹಿಡಿಯುತ್ತದೆ ಎಂದು ಜಗಳ ತೆಗೆದ. ಹುಳ ನೂಲು ಬಿಡುವುದನ್ನೇ ನೋಡಿಬಿಡೋಣ ಎಂದಳು ಫಿಝಾ. ಶಾಲೆಗೆ ಹಾಲು ಹಾಕುವವರಿಂದ ತೂಬಗೆರೆ ಕಡೆಯ ಅಪ್ಪಯ್ಯಣ್ಣ ಎಂಬ ರೈತರ ನಂಬರ್ ಸಂಪಾದಿಸಿ ತಾನೇ ಫೋನ್ ಮಾಡಿದಳು.

"ತಾರೀಖು ನಾನು ಹೇಳಕ್ಕಾಗಲ್ಲ ಕಣಮ್ಮ," ಎಂದರಂತೆ ಅಪ್ಪಯ್ಯಣ್ಣ. "ಅದು ಹುಳ ಹೇಳ್ಬೇಕು. ಹುಳ ಹಣ್ಣಾಗೋಕೆ ಶುರುವಾದ್ರೆ ನಾನೇ ಫೋನ್ ಮಾಡ್ತೀನಿ. ಇನ್ನೊಂದು ಮಾತು, ಸೆಂಟು ಗಿಂಟು ಹಾಕ್ಕೊಂಡ್ ಬರ್ಬೇಡಿ. ಹುಳಕ್ಕೆ ವಾಸನೆ ಆಗಲ್ಲ."

ಹುಳ ಹಣ್ಣಾಗುವುದೆಂದರೆ ಅದು ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ತಿಳಿಯಾಗಿ, ನೂಲು ಬಿಡಲು ಜಾಗ ಹುಡುಕುವುದು. ವಾಸನೆಯ ವಿಷಯವನ್ನು ಫಿಝಾ ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿದಳು. ಮುರಳಿ ಪೌಡರ್ ಬಿಟ್ಟ. ನಾನು ಬೀಡಿ ಸೇದುತ್ತೇನೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆದರೆ ಫಿಝಾಗೆ ಇದು ಬರೀ ಹುಳದ ವಿಷಯವಾಗಿರಲಿಲ್ಲ. ಅವಳ ಅಪ್ಪ ನೂರ್ ಅಹಮದ್ ಪೇಟೆಯಲ್ಲಿ ಪವರ್‌ಲೂಮ್ ಬಿಡಿಭಾಗಗಳ ಅಂಗಡಿ ಇಟ್ಟವರು. ಒಳ್ಳೆಯ ಮನುಷ್ಯ, ಆಡಿದ ಮಾತಿಗೆ ನಿಲ್ಲುವವರು. ಹಿಂದಿನ ವಾರ ಗೇಟಿನ ಹತ್ತಿರವೇ ನಿಂತು ಪ್ರಮೋದಾ ಅವರಿಗೆ ಹೇಳಿದ್ದರು:

"ಮೇಡಂ, ಅಂಗಡಿಗೆ ಬರೋರೆಲ್ಲ ಕೇಳ್ತಾರೆ, ಮಗಳು ಯಾವ ಕ್ಲಾಸು, ಎಷ್ಟು ಮಾರ್ಕ್ಸು ಅಂತ. ನಾನೇನ್ ಹೇಳ್ಲಿ? ಕೊತ್ತಂಬರಿ ಮಾರ್ತಾಳೆ ಅನ್ಲಾ?"

"ಇನ್ನೊಂದು ವರ್ಷ ಬಿಟ್ಟು ನೋಡಿ ಸಾರ್. ಆರನೇ ಕ್ಲಾಸ್ ಇಲ್ಲೇ ಮುಗಿಸ್ಲಿ."

"ಸರಿ, ಇದೊಂದು ಟ್ರಿಪ್ ನೋಡ್ತೀನಿ. ತಾನೇ ಹೋಗಿ, ಕೆಲಸ ಮುಗಿಸ್ಕೊಂಡು ನಾಲ್ಕು ಗಂಟೆಗೆ ನನ್ನ ಅಂಗಡಿ ಮುಂದೆ ಇರ್ಬೇಕು. ಇದ್ರೆ ಇನ್ನೊಂದು ವರ್ಷ ಇಲ್ಲೇ. ಲೇಟಾದ್ರೆ ಜೂನ್‌ನಿಂದ ಇಂಗ್ಲಿಷ್ ಸ್ಕೂಲು. ಏನಮ್ಮಾ?"

"ಆಯ್ತು ಅಬ್ಬಾ," ಎಂದು ಫಿಝಾ ಕೈ ಚಾಚಿದಳು. ವ್ಯಾಪಾರ ಕುದುರಿಸಿದವರಂತೆ ಅಪ್ಪ ಮಗಳು ಕೈಕುಲುಕಿದರು.

ಅಪ್ಪಯ್ಯಣ್ಣನ ಫೋನ್ ಬಂದ ಮಾರನೆಯ ಬೆಳಿಗ್ಗೆ ನಾವು ತೂಬಗೆರೆ ಬಸ್ಸು ಹತ್ತಿದೆವು. ಫಿಝಾಳ ಹತ್ತಿರ ಕೂತಾಗ ಸಣ್ಣಗೆ ಅತ್ತರಿನ ಘಮ ಬಂತು. ಚೆನ್ನಾಗಿದೆ ಅಂದುಕೊಂಡೆನೇ ಹೊರತು ಮುಂದಕ್ಕೆ ಯೋಚಿಸಲಿಲ್ಲ. ಬಸ್ಸಿನಲ್ಲಿ ನೂರು ತರದ ವಾಸನೆ ಇರುತ್ತದೆ.

ಮಕ್ಕಳು ಇಳಿಯುವ ಊರಿನ ಹೆಸರನ್ನು ಬಾಯಿಪಾಠ ಮಾಡಿಕೊಂಡಿದ್ದರು. ಅದರ ಹಿಂದಿನ ಎರಡು ಊರುಗಳ ಹೆಸರೂ ಗೊತ್ತಿತ್ತು. ಕಂಡಕ್ಟರ್ ಹುಡುಗ ಹಿಂದಿನ ಸೀಟಿನ ಕಡೆಯಿಂದ ಊರಿನ ಹೆಸರು ಕೂಗಿದ. ಮೂವರೂ ಕಿಟಕಿಯಲ್ಲಿ ಬೋರ್ಡು ನೋಡಿ, "ಬಂತು ಬಂತು," ಎಂದು ಸಂತೋಷಪಟ್ಟು, ಚೀಲ ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ಬಸ್ಸು ನಿಂತ ಮೇಲೆ ಏಳುವುದು ಎಂದು ಅವರ ಲೆಕ್ಕ. ಹುಟ್ಟಿದಾಗಿನಿಂದ ಶಾಲೆಯ ವ್ಯಾನಿನಲ್ಲಿ ಓಡಾಡಿದ ಮಕ್ಕಳು. ವ್ಯಾನು ಪ್ರತಿಯೊಬ್ಬರ ಮನೆ ಮುಂದೆ ತಾನಾಗಿ ನಿಲ್ಲುತ್ತದೆ, ಆಯಾ ಇಳಿಸಿಕೊಳ್ಳುತ್ತಾಳೆ. ಇಲ್ಲಿ ಬಾಗಿಲ ಹತ್ತಿರ ಯಾರೂ ಕಾಣಲಿಲ್ಲ, ಸ್ಟಾಪಿನಲ್ಲೂ ಯಾರೂ ಇರಲಿಲ್ಲ. ಡ್ರೈವರು ಹಂಪಿನ ಮೇಲೆ ನಿಧಾನ ಮಾಡಿ ಮತ್ತೆ ಗೇರ್ ಹಾಕಿದ.

ನನ್ನ ಕೈ ತಾನಾಗಿ ಎದೆಯ ಜೇಬಿಗೆ ಹೋಯಿತು. ಸೀಟಿ ಇರುತ್ತಿದ್ದ ಜಾಗ. ಬರೀ ಜೇಬು ಹಿಡಿದುಕೊಂಡು ಕೂತೆ.

"ಅಯ್ಯೋ, ನಿಲ್ಲಿಸ್ಲೇ ಇಲ್ಲ!" ಎಂದಳು ಸಿಂಧು.

ಕಂಡಕ್ಟರ್ ಮುಂದಕ್ಕೆ ಬಂದ. "ಏನಮ್ಮಾ, ಊರ್ ಹೆಸ್ರು ಕೂಗಿದ್ನಲ್ಲ! ಎದ್ದು ಬಾಗ್ಲಿಗೆ ಬರ್ಬೇಕು. ಕೂತ್ಕೊಂಡಿದ್ರೆ ನಂಗೇನ್ ಕನಸು ಬೀಳುತ್ತಾ?" ಆಮೇಲೆ ನನ್ನ ಮುಖ ನೋಡಿದ. ನನ್ನನ್ನು ಗುರುತು ಹಿಡಿದ ಹುಡುಗ. "ಏನ್ ಸಾರ್, ನೀವೇ ಹೀಗ್ ಮಾಡಿದ್ರೆ?"

ನಾನು ಕಿಟಕಿಯ ಆಚೆ ನೋಡಿದೆ.

ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ವಾಪಸ್ಸು ನಡೆದೆವು. ದಾರಿಯುದ್ದಕ್ಕೂ ಮುರಳಿ, "ಎದ್ದು ಬಾಗ್ಲಿಗೆ ಬರ್ಬೇಕು," ಎಂದು ಕಂಡಕ್ಟರ್ ದನಿಯಲ್ಲಿ ಹೇಳುತ್ತಾ ಬಂದ. ಫಿಝಾ ಮಾತ್ರ ನಗಲಿಲ್ಲ. ವಾಚು ನೋಡಿಕೊಳ್ಳುತ್ತಿದ್ದಳು.

ಅಪ್ಪಯ್ಯಣ್ಣನ ಹುಳದ ಮನೆ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಇತ್ತು. ಅವರ ಹೆಂಡತಿ ಲಕ್ಷ್ಮೀದೇವಮ್ಮ ಬಾಳೆಹಣ್ಣು ತೆಗೆದುಕೊಂಡು, ಎಲ್ಲರಿಗೂ ನೀರು ಕೊಟ್ಟು, ಚಪ್ಪಲಿ ಬಿಡಿಸಿ, ಕಾಲು ತೊಳೆಸಿದರು. ಬಾಗಿಲ ಹತ್ತಿರ ನಿಂತು ಒಬ್ಬೊಬ್ಬರನ್ನೇ ಮೂಸಿ ನೋಡಿದರು. ನನ್ನ ಹತ್ತಿರ ಬಂದು, "ಬೀಡಿ. ನೀವು ಹೊರಗೇ ಕೂತ್ಕೊಳಿ ಅಣ್ಣ," ಎಂದರು. ನಾನು ಒಪ್ಪಿದೆ. ಆಮೇಲೆ ಮತ್ತೆ ಮೂಗೆಳೆದು, "ಯಾರೋ ಅತ್ತರ್ ಹಾಕಿದೀರ," ಎಂದರು.

ಮಕ್ಕಳು ಮುಖ ಮುಖ ನೋಡಿಕೊಂಡರು. ಫಿಝಾ ತನ್ನ ತೋಳನ್ನು ಮೂಸಿಕೊಂಡಳು. "ನನಗೇನೂ ಬರ್ತಿಲ್ಲ ಆಂಟಿ."

"ನೀನೇ ಕಣೇ," ಎಂದಳು ಸಿಂಧು. "ನೀನು ದಿನಾ ಹೀಗೇ ಇರ್ತೀಯ. ಅದು ನಿನ್ನ ವಾಸನೆ ಅಂದ್ಕೊಂಡಿದ್ದೆ ನಾನು."

ಫಿಝಾಳ ಮುಖ ಬಾಡಿಹೋಯಿತು. "ದಾದಿ," ಎಂದಳು. ಹೊರಡುವಾಗ ಅವಳ ಅಜ್ಜಿ ಸರ್ವರ್ ಬೇಗಂ ಬಾಗಿಲಲ್ಲಿ ನಿಲ್ಲಿಸಿ, ಹಣೆಗೆ ಮುತ್ತು ಕೊಟ್ಟು, ಕಿವಿಯ ಹಿಂದೆ ಅತ್ತರ್ ಸವರಿದ್ದರು. ಮನೆಯವರು ದಿನದ ಶಾಲೆಗೆ ಹೊರಟರೂ, ಪರೀಕ್ಷೆಗೆ ಹೋದರೂ, ಹೊಸ ಅಂಗಡಿ ತೆರೆದರೂ, ಊರಿಗೆ ಹೊರಟರೂ ಅವರು ಹೀಗೆಯೇ ಕಳಿಸುವುದು. ದಿನಾ ಇರುವ ಘಮ ಆದ್ದರಿಂದ ಮಗುವಿಗೆ ಅದು ವಾಸನೆ ಎಂದೇ ಅನ್ನಿಸಿರಲಿಲ್ಲ.

"ಬೇಜಾರ್ ಮಾಡ್ಕೋಬೇಡ ಕಂದ," ಎಂದರು ಲಕ್ಷ್ಮೀದೇವಮ್ಮ. "ಒಳಗೆ ನಮ್ಮ ಒಂದ್ ತಿಂಗಳ ದುಡಿಮೆ ಐತೆ. ಹುಳ ನೂಲು ಬಿಡೋ ಹೊತ್ತಲ್ಲಿ ವಾಸನೆ ತಾಗಿದ್ರೆ ತಲೆ ಎತ್ಕೊಂಡು ಸುಮ್ನಾಗ್ಬಿಡ್ತವೆ."

"ಸ್ನಾನ ಮಾಡಿದ್ರೆ?"

"ಮಾಡು. ಸೋಪ್ ಬೇಡ, ಅದೂ ವಾಸನೆನೇ. ಕಡ್ಲೆಹಿಟ್ಟು ಕೊಡ್ತೀನಿ. ನಮ್ ಮೊಮ್ಮಗಳು ಸಿಂಚನಾದು ಬಟ್ಟೆ ಐತೆ, ಹಾಕ್ಕೋ."

ಫಿಝಾ ಬಚ್ಚಲಿಗೆ ಹೋದಳು. ಸಿಂಧು, ಮುರಳಿ ಒಳಗೆ ಹೋದರು. ತಲೆಗೆ ಎರಡು ಸಲ ಕಡಲೆಹಿಟ್ಟು ಹಚ್ಚಿ ತೊಳೆದು, ತನ್ನ ಬಟ್ಟೆಯನ್ನೂ ಜಾಲಿಸಿ ತಂತಿಗೆ ಹಾಕಿ ಬಂದಾಗ ವಾಸನೆ ಹೋಗಿತ್ತು. ಆದರೆ ತಲೆ ಒದ್ದೆ. ಒಳಗೆ ತೇವವೂ ಹೋಗಬಾರದಂತೆ, ಗೂಡು ಕೆಡುತ್ತದಂತೆ. ಬಿಸಿಲಿಗೆ ಬೆನ್ನು ಕೊಟ್ಟು ಕೂದಲು ಕೊಡವುತ್ತಾ ಕೂತಳು. ಕೂದಲು ಒಣಗುವ ಮೊದಲೇ ಅಪ್ಪಯ್ಯಣ್ಣ ಹೊರಗೆ ಬಂದರು. ಹಣ್ಣು ಹುಳವನ್ನೆಲ್ಲ ಆರಿಸಿ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ದೊಡ್ಡ ತಟ್ಟಿಗೆ, ಬಿಟ್ಟು ಮುಗಿಸಿದ್ದರು. ಬಾಗಿಲು ಎಳೆದುಕೊಂಡರು.

"ಈಗ ಅವು ಜಾಗ ಹಿಡಿಯೋ ಹೊತ್ತು. ಅಲುಗಿಸ್ಬಾರ್ದು. ಮೂರು ಗಂಟೆಗೆ ತೆಗೀತೀನಿ ಕಣಮ್ಮ."

ನಮ್ಮ ಬಸ್ಸು ಎರಡೂವರೆಗೆ. ಅದು ಬಿಟ್ಟರೆ ನಾಲ್ಕೂವರೆಗೆ. ಮಕ್ಕಳಿಗೂ ಗೊತ್ತಿತ್ತು, ಅವರೇ ಬರೆದುಕೊಂಡ ಸಮಯ ಅದು.

ಹುಣಸೆ ಮರದ ಕೆಳಗೆ ಊಟದ ಡಬ್ಬಿ ಬಿಚ್ಚಿದರು. ಲಕ್ಷ್ಮೀದೇವಮ್ಮ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ಮುರಳಿ ಮುದ್ದೆ ನುಂಗುತ್ತಾ ಒಳಗೆ ಕಂಡದ್ದನ್ನು ಹೇಳಿದ. ಹುಳ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತದೆ, ನೂಲು ಕಾಣುವುದೇ ಇಲ್ಲ, ಬಿಸಿಲು ಬಿದ್ದರೆ ಮಾತ್ರ ಮಿಂಚುತ್ತದೆ.

"ಎಷ್ಟು ಸಲ ಆಡಿಸುತ್ತೆ?" ಎಂದಳು ಫಿಝಾ.

"ತುಂಬಾ ಸಲ."

"ತುಂಬಾ ಅಂದ್ರೆ?"

"ತುಂಬಾ ಅಂದ್ರೆ ತುಂಬಾ ಕಣೇ! ಯಾರು ಎಣಿಸ್ತಾರೆ?"

ಫಿಝಾ ಅಪ್ಪಯ್ಯಣ್ಣನ ಕಡೆ ತಿರುಗಿದಳು. "ಅಂಕಲ್, ಒಂದು ಗೂಡಲ್ಲಿ ಎಷ್ಟು ಉದ್ದ ನೂಲಿರುತ್ತೆ?"

"ಉದ್ದ ಕಟ್ಕೊಂಡು ನಮಗೇನಮ್ಮ? ನಾವು ತೂಕಕ್ಕೆ ಮಾರೋದು," ಎಂದು ನಕ್ಕರು ಅಪ್ಪಯ್ಯಣ್ಣ.

ಊಟ ಆದ ಮೇಲೆ ಸಿಂಧು ಡಬ್ಬಿ ಮುಚ್ಚಿ ಹೇಳಿದಳು: "ಎರಡೂವರೆ ಬಸ್ಸಿಗೇ ಹೋಗೋಣ ಫಿಝಾ. ನಾನು ನೋಡಿದ್ದೀನಲ್ಲ, ಎಲ್ಲಾ ಹೇಳ್ತೀನಿ. ಚಿತ್ರ ಬರ್ದು ಕೊಡ್ತೀನಿ. ನೀನು ಹೋಗಿಬಿಟ್ರೆ ಮುಂದಿನ್ ವರ್ಷ ನಾನ್ ಯಾರ್ ಜೊತೆ ಕೂತ್ಕೊಳ್ಲಿ?"

"ನನ್ ಜೊತೆ," ಎಂದ ಮುರಳಿ.

"ಸುಮ್ನಿರೋ ನೀನು."

ಫಿಝಾ ವಾಚು ನೋಡಿಕೊಂಡಳು. ಆಮೇಲೆ, "ನೀನು ನೋಡಿದ್ದು ನೀನು ನೋಡಿದ್ದು," ಎಂದಳು. "ನಾನು ಬಂದಿದ್ದು ನಾನು ನೋಡೋಕೆ. ನೋಡ್ದೆ ನಾಲ್ಕಕ್ಕೆ ಅಂಗಡಿ ಮುಂದೆ ನಿಂತ್ರೆ ಅಬ್ಬಾಗೆ ಏನಂತ ಹೇಳ್ಲಿ? ಕೆಲಸ ಮುಗಿಸ್ಕೊಂಡು ಬಾ ಅಂದಿದ್ರು."

"ಹೋಗೋದಾದ್ರೆ ಎಲ್ಲರೂ, ಇರೋದಾದ್ರೆ ಎಲ್ಲರೂ," ಎಂದ ಮುರಳಿ. ಅದು ಶಾಲೆಯ ನಿಯಮ. "ಇರೋಣ. ನನಗೆ ಇನ್ನೊಂದು ಮುದ್ದೆ ಸಿಗುತ್ತೆ."

ಫಿಝಾ ಅಪ್ಪಯ್ಯಣ್ಣನ ಫೋನ್ ಕೇಳಿ ಪಡೆದು ಅಪ್ಪನಿಗೆ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. "ಇಲ್ಲ ಅಬ್ಬಾ, ಕೇಳೋಕೆ ಮಾಡ್ಲಿಲ್ಲ. ಲೇಟಾಗುತ್ತೆ ಅಂತ ಹೇಳೋಕೆ ಮಾಡಿದೆ. ಗೊತ್ತು. ಜ್ಞಾಪಕ ಇದೆ." ಇಷ್ಟೇ.

ಎರಡು ನಿಮಿಷಕ್ಕೆ ನನ್ನ ಫೋನ್ ಹೊಡೆದುಕೊಂಡಿತು. ನೂರ್ ಅಹಮದ್.

"ಏನ್ ಸಾಹೇಬ್ರೇ, ಕರ್ಕೊಂಡು ಬಂದ್ಬಿಡಿ. ಬಸ್ ಟೈಮು ನಿಮಗಿಂತ ಚೆನ್ನಾಗಿ ಯಾರಿಗ್ ಗೊತ್ತು?"

"ಅವ್ರಿಗೂ ಗೊತ್ತು ಸಾರ್. ನಾನು ಹೇಳೋ ಹಂಗಿಲ್ಲ."

"ಮತ್ತೆ ನೀವ್ಯಾಕ್ ಹೋಗಿದೀರಿ?"

"ಇವತ್ತು ನಾನು ಬರೀ ಪ್ಯಾಸೆಂಜರ್," ಎಂದೆ. ಅವರು ಫೋನ್ ಇಟ್ಟರು. ಎರಡೂವರೆ ಬಸ್ಸು ದೂರದಲ್ಲಿ ಹಾರ್ನ್ ಮಾಡಿಕೊಂಡು ಹೋದದ್ದು ನಮಗೆಲ್ಲ ಕೇಳಿಸಿತು. ಯಾರೂ ಆ ಕಡೆ ತಿರುಗಲಿಲ್ಲ.

ಮೂರಕ್ಕೆ ಬಾಗಿಲು ತೆಗೆದರು. ಫಿಝಾ ಸಿಂಚನಾಳ ಬಟ್ಟೆಯಲ್ಲಿ ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ಮಧ್ಯೆ ಒಂದು ಸಲ ಲಕ್ಷ್ಮೀದೇವಮ್ಮ ಬಂದು, "ಒಂದೇ ಹುಳದ ಮುಂದೆ ನಿಂತ್ಬಿಟ್ಟವ್ಳೆ ಕಣಣ್ಣ, ಕಣ್ಣೂ ಮಿಟುಕಿಸ್ತಿಲ್ಲ," ಎಂದರು. ನಾನು ಆ ಹುಳವನ್ನು ಇವತ್ತಿಗೂ ನೋಡಿಲ್ಲ. ಫಿಝಾ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

"ತಾತ, ಅದು ನಿಲ್ಲಿಸೋದೇ ಇಲ್ಲ," ಎಂದಳು ಹೊರಗೆ ಬಂದು. "ಎಂಟು ಬರ್ದ ಹಾಗೆ ತಲೆ ಆಡಿಸುತ್ತೆ. ನಿಮಿಷಕ್ಕೆ ಎಷ್ಟು ಎಂಟು ಅಂತ ಹತ್ತು ಸಲ ಎಣಿಸ್ದೆ, ಒಂದು ಎಂಟು ಎಷ್ಟು ಉದ್ದ ಅಂತ ಅಂದಾಜು ಮಾಡ್ದೆ. ಒಂದು ನಿಮಿಷಕ್ಕೆ ಹೆಚ್ಚು ಕಡಿಮೆ ಒಂದು ಅಡಿ ನೂಲು ಆಗುತ್ತೆ."

ತಂತಿಯ ಮೇಲೆ ಒಣಗಿದ್ದ ತನ್ನ ಬಟ್ಟೆಯನ್ನು ಮತ್ತೆ ಹಾಕಿಕೊಂಡಳು. ನಾಲ್ಕೂವರೆ ಬಸ್ಸಿನಲ್ಲಿ ಮೂವರೂ ತಲೆಗೆ ತಲೆ ಕೊಟ್ಟು ಗುಣಿಸಿದರು. ಹುಳ ಎಷ್ಟು ಹೊತ್ತು ನೂಲು ಬಿಡುತ್ತದೆ ಎಂದು ಅಪ್ಪಯ್ಯಣ್ಣನನ್ನು ಕೇಳಿಕೊಂಡು ಬಂದಿದ್ದರು: ಮೂರು ಹಗಲು, ಎರಡು ರಾತ್ರಿ. ಗಂಟೆ ಮಾಡಿದರು, ನಿಮಿಷ ಮಾಡಿದರು, ಅಡಿ ಮಾಡಿದರು. ಉತ್ತರ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಬಂತು. ಮುರಳಿ ಮತ್ತೊಮ್ಮೆ ಗುಣಿಸಿ ನೋಡಿ, "ಸರಿ, ಬಿಡ್ತು," ಎಂದು ಒಪ್ಪಿಕೊಂಡ. ದೊಡ್ಡಬಳ್ಳಾಪುರ ಹತ್ತಿರವಾದಾಗ ಒಂದು ಸ್ಟಾಪು ಮೊದಲೇ ಮೂವರೂ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

ನೂರ್ ಅಹಮದ್ ಅಂಗಡಿಯ ಮುಂದೆಯೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಸರ್ವರ್ ಬೇಗಂ ಕೂಡ ಮನೆಯಿಂದ ಬಂದು ಒಳಗಿನ ಕುರ್ಚಿಯಲ್ಲಿ ತಸ್ಬಿಯ ಜಪಮಣಿ ಎಣಿಸುತ್ತಿದ್ದರು. ಗಡಿಯಾರ ಐದೂಕಾಲು ತೋರಿಸುತ್ತಿತ್ತು. ಫಿಝಾ ಸೀದಾ ಅಪ್ಪನ ಮುಂದೆ ಹೋಗಿ ನಿಂತು ಹುಳದ ವಿಷಯ ಹೇಳಿದಳು. ಅವರು ಮಗ್ಗದವರ ಜೊತೆ ಬದುಕಿದ ಮನುಷ್ಯ, ಗಮನವಿಟ್ಟು ಕೇಳಿದರು.

"ಮೂರು ಹಗಲು ನಿಲ್ಲಿಸೋದೇ ಇಲ್ವಾ?"

"ನಿಲ್ಲಿಸೋದಿಲ್ಲ ಅಬ್ಬಾ."

"ಹ್ಞೂಂ. ಲೇಟ್ ಯಾಕಾಯ್ತು?"

"ಬೆಳಿಗ್ಗೆ ಸ್ಟಾಪ್ ತಪ್ಪಿಸ್ಕೊಂಡ್ವಿ. ಆಮೇಲೆ ಹುಳದ ಮನೆ ಬಾಗ್ಲು ಹಾಕ್ಬಿಟ್ರು. ನಾನು ಮೂರು ಗಂಟೆವರ್ಗೂ ಕಾದೆ."

ಅಷ್ಟರಲ್ಲಿ ಸರ್ವರ್ ಬೇಗಂ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು ತಲೆ ಮೂಸಿದರು. ತಮ್ಮ ಮನೆಮಾತಿನಲ್ಲಿ ಏನೋ ಕೇಳಿದರು. ಬಸ್ಸಿನ ಕೆಲಸದಿಂದ ನನಗೆ ಅಷ್ಟು ಅರ್ಥವಾಗುತ್ತದೆ. ಬೆಳಿಗ್ಗೆ ಹಚ್ಚಿದ ಅತ್ತರ್ ಎಲ್ಲಿ ಹೋಯಿತು ಎಂದು.

"ಬಿಸಿಲಿಗೆ ಹೋಯ್ತು ದಾದಿ," ಎಂದಳು ಫಿಝಾ, ಅದೇ ಮಾತಿನಲ್ಲಿ.

ನನಗೆ ತಡೆಯಲಾಗಲಿಲ್ಲ. ಟ್ರಿಪ್ಪು ಮುಗಿದಿತ್ತು, ನನ್ನ ನಿಯಮವೂ ಮುಗಿದಿತ್ತು. ಅತ್ತರಿನಿಂದ ಹೀಗಾಯಿತು ಸಾರ್, ಮಗುವಿನ ತಪ್ಪಲ್ಲ ಎಂದು ಒಂದು ಮಾತು ಹೇಳಿದ್ದರೆ ನೂರ್ ಅಹಮದ್ ಸಡಿಲವಾಗುತ್ತಿದ್ದರು. ತಮ್ಮ ತಾಯಿ ಮಾಡಿದ್ದಕ್ಕೆ ಮಗಳಿಗೆ ದಂಡ ಹಾಕುವ ಮನುಷ್ಯ ಅವರಲ್ಲ. "ಸಾರ್," ಎಂದು ಬಾಯಿ ತೆರೆದೆ. ಫಿಝಾ ಅಜ್ಜಿಯ ತೋಳಿನ ಸಂದಿಯಿಂದ ನನ್ನನ್ನು ನೋಡಿದಳು. ತಲೆ ಅಲ್ಲಾಡಿಸಲಿಲ್ಲ, ಬರೀ ನೋಡಿದಳು.

"ಏನ್ ಸಾಹೇಬ್ರೇ?"

"ಏನಿಲ್ಲ. ಬರ್ತೀನಿ ಅಂದೆ."

ನೂರ್ ಅಹಮದ್ ಮಗಳ ತಲೆ ಸವರಿ, "ಕೆಲಸ ಚೆನ್ನಾಗಿ ಮಾಡಿದೀಯ," ಎಂದರು. "ಆದ್ರೆ ಮಾತು ಮಾತೇ."

"ಹೌದು ಅಬ್ಬಾ," ಎಂದಳು ಫಿಝಾ.

ಜೂನ್‌ನಲ್ಲಿ ಅವಳನ್ನು ಇಂಗ್ಲಿಷ್ ಸ್ಕೂಲಿಗೆ ಸೇರಿಸಿದರು. ಪ್ರಮೋದಾ ಒಂದು ಸಲ ಹೋಗಿ ಮಾತಾಡಿ ಬಂದರು, ಪ್ರಯೋಜನವಾಗಲಿಲ್ಲ. ಸಿಂಧು ಈಗ ಮುರಳಿಯ ಪಕ್ಕವೇ ಕೂರುತ್ತಾಳೆ, ದಿನಾ ಜಗಳ. ಹೊಸ ಸ್ಕೂಲಿನ ವ್ಯಾನಿಗೆ ಅಪ್ಪ ದುಡ್ಡು ಕಟ್ಟಲು ಹೊರಟಾಗ ಫಿಝಾ ಬೇಡವೆಂದಳಂತೆ, ನನಗೆ ಬಸ್ಸು ಸೊನ್ನೆ ಎಂದಳಂತೆ. ಅದಕ್ಕೆ ಅವರು ಒಪ್ಪಿದರು. ಮೊನ್ನೆ ನಾನು ಹತ್ತಿದ ಬಸ್ಸಿನಲ್ಲೇ ಇದ್ದಳು, ಟೈ ಕಟ್ಟಿಕೊಂಡು. ಅದೇ ಅತ್ತರಿನ ಘಮ. ಅವಳ ಸ್ಕೂಲಿಗೆ ಇನ್ನೂ ಒಂದು ಸ್ಟಾಪು ಇರುವಾಗಲೇ ಎದ್ದು, ಜನರ ಮಧ್ಯೆ ದಾರಿ ಮಾಡಿಕೊಂಡು ಬಾಗಿಲಿಗೆ ಹೋಗಿ, "ಇಳಿಯೋರಿದ್ದೀವಿ!" ಎಂದು ಡ್ರೈವರಿಗೆ ಕೇಳುವಂತೆ ಕೂಗಿದಳು.

ನಮ್ಮ ಶಾಲೆಗೆ ಒಂದು ಮಗು ಕಡಿಮೆಯಾಯಿತು. ಫಿಝಾಗೆ ಬೇಕಾಗಿದ್ದ ಒಂದು ವರ್ಷ ಹೋಯಿತು. ಹುಳವನ್ನು ಅವಳು ಕಣ್ಣಾರೆ ನೋಡಿದಳು, ಬಸ್ಸಿನಲ್ಲಿ ಒಬ್ಬಳೇ ಓಡಾಡುವುದನ್ನು ಕಲಿತಳು. ಸರ್ವರ್ ಬೇಗಂ ಅವರು ಏನನ್ನೂ ಕಳೆದುಕೊಳ್ಳಲಿಲ್ಲ. ಇದೆಲ್ಲ ಅತ್ತರಿನಿಂದ ಆದದ್ದೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.